ಕಿಟಕಿಗೆ ನಿಲ್ಲಿಸಿದ ಫರಸಿ

ಹೊಸದಾಗಿ ಕೆಲಸಕ್ಕೆ ಸೇರಿದ ಇಂಜಿನಿಯರುಗಳಿಗೆ ಸ್ಫೂರ್ತಿ ಬರುವ ಹಾಗೆ ನಾಲ್ಕು ಮಾತು ಬರೆದುಕೊಡಿ ಎಂದು ತರಬೇತಿ ನಡೆಸುವವರು ಫೋನ್ ಮಾಡಿದ್ದರು. ಸ್ಫೂರ್ತಿ ನನ್ನ ಹತ್ತಿರ ಉಳಿದಿಲ್ಲ, ನಡೆದದ್ದನ್ನು ಬರೆದರೆ ಆದೀತೇ ಎಂದು ಕೇಳಿದೆ. ಮೇಡಂ ತಮಾಷೆ ಮಾಡುತ್ತಾರೆ ಎಂದು ನಕ್ಕರು. ನಾನು ತಮಾಷೆ ಮಾಡಿರಲಿಲ್ಲ. ನೌಕರಿಯ ಇಡೀ ಆಯುಷ್ಯ ಸರ್ಕಾರಿ ಶಾಲೆಗಳ ನಕಾಶೆ ಬರೆಯುವುದರಲ್ಲಿ, ಬರೆದದ್ದನ್ನು ಕಟ್ಟಿಸುವುದರಲ್ಲಿ ಕಳೆದವಳು ನಾನು. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಇಷ್ಟರಲ್ಲೇ ಗಾಣದೆತ್ತಿನ ಹಾಗೆ ತಿರುಗಿದೆ. ಬಡ್ತಿ ಯಾವಾಗ ಬಂತು, ಯಾರು ತಪ್ಪಿಸಿದರು ಅನ್ನುವುದೆಲ್ಲ ಇಲ್ಲಿ ಬೇಡ. ಅದು ಬೇಕಾದರೆ ಮನೆಗೆ ಚಹಾಕ್ಕೆ ಬನ್ನಿ. ಇಲ್ಲಿ ಹೇಳಬೇಕಾದದ್ದು ಒಂದು ಶಾಲೆಯ ಕಿಟಕಿಗಳ ಕಥೆ. ಅದಕ್ಕೆ ಬರುವ ಮುಂಚೆ ಒಂದಿಷ್ಟು ಸುತ್ತು ಹಾಕುತ್ತೇನೆ. ಮುದುಕಿಗೆ ಅಷ್ಟು ರಿಯಾಯಿತಿ ಇರಲಿ.

ನಾನು ಹುಟ್ಟಿದ್ದು ಶಹಾಬಾದಿನಲ್ಲಿ. ಅಪ್ಪ ಕಲ್ಲಿನ ಖಣಿಯಲ್ಲಿ ಕೆಲಸಕ್ಕಿದ್ದ. ನಮ್ಮಲ್ಲಿ ಕಲ್ಲು ಹಾಳೆ ಹಾಳೆಯಾಗಿ ಏಳುತ್ತದೆ. ಅದಕ್ಕೆ ಫರಸಿ ಎನ್ನುತ್ತೇವೆ. ನೆಲಕ್ಕೆ ಫರಸಿ, ಮಾಳಿಗೆಗೆ ಫರಸಿ, ಬಚ್ಚಲಿಗೆ ಫರಸಿ, ಹಿತ್ತಲಿಗೆ ಬೇಲಿ ಬೇಕಾದರೂ ಫರಸಿಯನ್ನೇ ನಿಲ್ಲಿಸುವುದು. ನಾನು ಓದಿದ ಶಾಲೆ ಮುಂಚೆ ಫರಸಿ ಒಟ್ಟುವ ಗೋದಾಮಾಗಿತ್ತು. ಒಂದೇ ಬಾಗಿಲು, ಕಿಟಕಿ ಇಲ್ಲ. ಬಾಗಿಲ ಹತ್ತಿರ ಕೂತವರಿಗೆ ಅಕ್ಷರ ಕಾಣುತ್ತಿತ್ತು, ಒಳಗೆ ಕೂತವರಿಗೆ ಗುರುಗಳ ದನಿ ಮಾತ್ರ. ಮೊದಲು ಬಂದವರಿಗೆ ಬಾಗಿಲ ಜಾಗ. ನಾನು ದಿನಾ ಓಡುತ್ತ ಶಾಲೆಗೆ ಹೋಗುವುದನ್ನು ನೋಡಿ, ಈ ಹುಡುಗಿಗೆ ಓದಿನ ಹುಚ್ಚು ಎಂದು ಓಣಿಯವರು ಹೊಗಳುತ್ತಿದ್ದರು. ನನಗಿದ್ದ ಹುಚ್ಚು ಬಾಗಿಲದ್ದು. ನನ್ನ ಜೊತೆಯವರಲ್ಲಿ ಒಳಗೆ ಕೂತವರು ಬಹಳ ಮಂದಿ ಓದು ಕಲಿಯಲೇ ಇಲ್ಲ ಎನ್ನುವುದು ನನಗೆ ಎಷ್ಟೋ ವರ್ಷದ ಮೇಲೆ ಹೊಳೆಯಿತು.

ನೌಕರಿಗೆ ಸೇರಿದಾಗ ನನ್ನ ಮೇಲಧಿಕಾರಿ ಖಾದರ್ ಸಾಹೇಬರು. ಹೈದರಾಬಾದಿನಲ್ಲಿ ಉರ್ದುವಿನಲ್ಲಿ ಓದಿ, ಪ್ರಾಯದಲ್ಲಿ ಆಸ್ಟ್ರಿಯ ದೇಶಕ್ಕೆ ಹೋಗಿ ಕಟ್ಟಡಗಳ ನಕಾಶೆಯ ವಿದ್ಯೆ ಕಲಿತು ಬಂದವರು. ಅವರ ಮೇಜಿನ ಹಿಂದೆ ಗೋಡೆಯ ಮೇಲೆ ಒಂದು ಫೋಟೋ: ಉದ್ದ, ತಗ್ಗು ಮಾಡಿನ ಒಂದು ಶಾಲೆ, ಸುತ್ತ ಬೆಳ್ಳಗೆ ಹಿಮ. ನಮ್ಮ ಜವಾನ ಭೀಮಣ್ಣ ಅದನ್ನು ಉಪ್ಪಿನ ಕಾರ್ಖಾನೆ ಎಂದೇ ತಿಳಿದಿದ್ದ. ಅದು ಹಿಮ ಎಂದು ನಾನು ಹೇಳಿದಾಗ, ಇಷ್ಟು ಹಿಮದಲ್ಲಿ ಸಾಹೇಬರು ಬದುಕಿ ಬಂದದ್ದೇ ದೊಡ್ಡದು ಎಂದು ಅವತ್ತಿನಿಂದ ಅವರ ಚಹಾಕ್ಕೆ ಹೆಚ್ಚು ಶುಂಠಿ ಹಾಕತೊಡಗಿದ.

ಆ ಶಾಲೆ ಕಟ್ಟಿದವನ ಕೈಕೆಳಗೆ ಸಾಹೇಬರು ಕೆಲವು ಕಾಲ ದುಡಿದಿದ್ದರಂತೆ. ಅವನ ಮಾತು ಬಂದರೆ ಸಾಹೇಬರ ಚಹಾ ಆರಿ ಹೋಗುತ್ತಿತ್ತು. ಯುದ್ಧ ಮುಗಿದಿತ್ತು, ಊರುಗಳು ಬಾಂಬಿಗೆ ಬಿದ್ದಿದ್ದವು, ಮಕ್ಕಳು ನೆಲಮಾಳಿಗೆಗಳಲ್ಲಿ ಕೂತು ಓದುತ್ತಿದ್ದರು. ಈ ಮನುಷ್ಯ ಆ ನೆಲಮಾಳಿಗೆಗೆ ಇಳಿದು, ಮಕ್ಕಳ ನಡುವೆ ಕೂತು, ಮೇಲೆ ಬಂದು ಹಟ ಹಿಡಿದ: ಈ ಮಕ್ಕಳು ಇನ್ನು ಮೇಲೆ ಕತ್ತಲಲ್ಲಿ ಕೂಡಬಾರದು. ಅವನು ಕಟ್ಟಿದ ಶಾಲೆಗಳಿಗೆ ಮಹಡಿ ಇಲ್ಲ. ಪ್ರತಿ ಕೋಣೆಗೂ ಎರಡೂ ಕಡೆಯಿಂದ ಬೆಳಕು, ಅಂಗಳಕ್ಕೆ ಇಳಿಯಲು ತನ್ನದೇ ಬಾಗಿಲು. ಕಿಟಕಿಯ ಕಟ್ಟೆ ಕೂತ ಮಗುವಿನ ಎದೆಮಟ್ಟಕ್ಕೆ. ಕೂತಲ್ಲಿಂದಲೇ ಮಗುವಿಗೆ ನೆಲ ಕಾಣಬೇಕು, ಹುಲ್ಲು ಕಾಣಬೇಕು. ಊರಿನ ದೊಡ್ಡವರು ಇದೆಲ್ಲ ದುಂದು ಎಂದರಂತೆ. ಕೊನೆಗಾಲದಲ್ಲಿ ಅವನ ಕಣ್ಣೆದುರೇ ಅವನ ಒಂದು ಶಾಲೆ ಕೆಡವಿದರಂತೆ. ಪ್ರಾಯದಲ್ಲಿ ನಾನು ಈ ಕೊನೆಯ ಮಾತನ್ನು ಅಷ್ಟಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ನಾನು ಮೊದಲನೇ ನಕಾಶೆಗೆ ಕಾಗದ ಬಿಡಿಸಿದ ದಿನ ಸಾಹೇಬರು ಪೆನ್ಸಿಲ್ ಕಸಿದುಕೊಂಡರು.

“ಬೇಟಿ, ಮೊದ್ಲು ಸಾಲಿಗಿ ಹೋಗಿ ನೆಲದ ಮ್ಯಾಲ ಕುಂತು ಬಾ. ಬೆಳಗಿನಿಂದ ಸಂಜಿತನ ಕುಂದ್ರು. ಆಮ್ಯಾಲ ಪೆನ್ಸಿಲ್ ಹಿಡಿ.”

ಸೇಡಂ ಹತ್ತಿರದ ಒಂದು ಹಳ್ಳಿಗೆ ಹೋಗಿ ಎರಡನೇ ತರಗತಿಯಲ್ಲಿ ಕೂತೆ. ಗುರುಗಳು ಗಾಬರಿಯಾಗಿ ಕುರ್ಚಿ ತರಿಸಿದರು, ನಾನು ಒಲ್ಲೆ ಎಂದೆ. ಇಂಜಿನಿಯರ್ ಮೇಡಂಗೆ ತಲೆ ಸರಿ ಇಲ್ಲ ಎಂದು ಮಧ್ಯಾಹ್ನದೊಳಗೆ ಊರೆಲ್ಲ ಸುದ್ದಿ. ನೆಲದ ಮೇಲೆ ಕೂತರೆ ಎತ್ತರದ ಕಿಟಕಿಯಲ್ಲಿ ಒಂದು ತುಂಡು ಆಕಾಶ ಬಿಟ್ಟು ಬೇರೇನೂ ಇಲ್ಲ. ಜೈಲಿನಲ್ಲೂ ಅಷ್ಟೇ ಕಾಣುತ್ತದೆ. ಸಂಜೆ ಎದ್ದಾಗ ಸೊಂಟ ಹಿಡಿದುಕೊಂಡಿತ್ತು, ಆದರೆ ಕಿಟಕಿಯ ಕಟ್ಟೆ ಎಲ್ಲಿರಬೇಕು ಎನ್ನುವುದು ನನಗೆ ಗೊತ್ತಾಗಿತ್ತು. ಮುಂದೆ ಪ್ರತಿ ಶಾಲೆಗೂ ಹಾಗೆಯೇ ಮಾಡಿದೆ. ಹೊಸಬರೇ, ನನ್ನಿಂದ ಒಂದನ್ನು ಮಾತ್ರ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ. ಅದರಿಂದ ಏನೂ ಉಪಯೋಗ ಆಗುವುದಿಲ್ಲ, ಆದರೂ ತೆಗೆದುಕೊಳ್ಳಿ.

ಆಸ್ಟ್ರಿಯದವನಿಗೆ ಬಿಸಿಲು ಬೇಕಿತ್ತು. ನಮಗೆ ಬೆಳಕು ಬೇಕು, ಬಿಸಿಲು ಬೇಡ. ಮೇ ತಿಂಗಳಲ್ಲಿ ಸೇಡಂ ರಸ್ತೆಯಲ್ಲಿ ನಿಂತು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಉತ್ತರಕ್ಕೂ ದಕ್ಷಿಣಕ್ಕೂ ಮಾತ್ರ ಕಿಟಕಿ, ಮೇಲೆ ಅಗಲವಾದ ಫರಸಿಯ ನೆರಳು, ಆಚೆ ಪಡಸಾಲೆ. ಇದನ್ನು ಸಾಹೇಬರು, ನಾನು ಸೇರಿ ಎಷ್ಟೋ ಸಲ ಬರೆದು, ಬ್ಲೇಡಿನಿಂದ ಶಾಯಿ ಕೆರೆದು, ಮತ್ತೆ ಬರೆದು ಕಂಡುಕೊಂಡದ್ದು.

ಎಡವಿದ್ದೂ ಉಂಟು. ವಾಡಿಯಲ್ಲಿ ಒಂದು ಶಾಲೆಗೆ ಗಾಳಿ ಚೆನ್ನಾಗಿ ಬರಲಿ ಎಂದು ರೈಲು ಹಳಿಗಳ ಕಡೆಗೇ ಕಿಟಕಿ ಬಿಟ್ಟೆ. ಗೂಡ್ಸ್ ಗಾಡಿ ಬಂದರೆ ಪಾಠ ನಿಲ್ಲುತ್ತಿತ್ತು. ವಾಡಿಯಲ್ಲಿ ಗೂಡ್ಸ್ ಗಾಡಿ ಬಾರದ ಹೊತ್ತು ಯಾವುದು? ಅಲ್ಲಿನ ಗುರುಗಳು ಜಾಣರು, ಒಂದನೇ ತರಗತಿಯವರನ್ನು ಗಾಡಿಯ ಡಬ್ಬಿ ಎಣಿಸಲು ಹಚ್ಚಿದರು. ಆ ಶಾಲೆಯ ಮಕ್ಕಳಿಗೆ ಲೆಕ್ಕ ಚೆನ್ನಾಗಿ ಬರುತ್ತದೆ, ಪದ್ಯ ಒಂದೂ ಬರುವುದಿಲ್ಲ ಎಂದು ನನ್ನನ್ನು ಕಂಡಾಗಲೆಲ್ಲ ಹಂಗಿಸುತ್ತಿದ್ದರು. ಮಳಖೇಡದ ಕಡೆ ಒಬ್ಬ ಮುಖಂಡರು ಶಾಲೆಯ ನೆಲಕ್ಕೆ ಪಾಲಿಶ್ ಮಾಡಿದ ಫರಸಿಯೇ ಬೇಕೆಂದು ಹಟ ಹಿಡಿದರು. ಮಳೆಗಾಲದ ಮೊದಲ ವಾರದಲ್ಲೇ ಮಕ್ಕಳು ಜಾರಿ ಬಿದ್ದರು. ಎರಡನೇ ವಾರ ಮುಖಂಡರೂ ಬಿದ್ದರು, ಆಮೇಲೆ ಕಲ್ಲಿಗೆ ಉಳಿ ಹೊಡೆಸಲು ಅಪ್ಪಣೆಯಾಯಿತು.

ಚಿತ್ತಾಪುರದ ಕಡೆ ಆದದ್ದು ನಗುವ ಮಾತಲ್ಲ. ಅಷ್ಟೊತ್ತಿಗೆ ಸಾಹೇಬರು ನಿವೃತ್ತರಾಗಿದ್ದರು. ಎಲ್ಲ ಊರಿಗೂ ಒಂದೇ ಮಾದರಿ ನಕಾಶೆ ಎನ್ನುವ ಕಾಲ ಬಂದಿತ್ತು. ಗುತ್ತೇದಾರ ಶಾಲೆಯ ಮುಖ ರಸ್ತೆಗೆ ಇರಲಿ ಎಂದು ನಕಾಶೆಯನ್ನು ಹಾಗೇ ತಿರುಗಿಸಿ ಕಟ್ಟಿಬಿಟ್ಟ. ಉತ್ತರಕ್ಕಿರಬೇಕಾದ ಕಿಟಕಿಗಳು ಪಡುವಣಕ್ಕೆ ಬಂದವು. ಮಧ್ಯಾಹ್ನವಾದರೆ ಬಿಸಿಲು ಒಳಗೆ ಬಂದು ಕೂಡುತ್ತಿತ್ತು, ಮಕ್ಕಳು ಅದಕ್ಕೆ ಜಾಗ ಬಿಟ್ಟು ಗೋಡೆಗುಂಟ ಸರಿಯುತ್ತ ಹೋಗಿ, ಶಾಲೆ ಬಿಡುವ ಹೊತ್ತಿಗೆ ಒಂದೇ ಮೂಲೆಯಲ್ಲಿ ಒತ್ತಿಕೊಂಡಿರುತ್ತಿದ್ದರು. ಹೊಸ ಮೇಲಧಿಕಾರಿಗಳ ಹತ್ತಿರ ದೂರು ಒಯ್ದೆ. ಈ ಸಾಹೇಬರಿಗೆ ಎರಡು ಕಡೆಯ ಬೆಳಕಿನ ಮೇಲೆಯೇ ಸಿಟ್ಟು. ಮಕ್ಕಳಿಗಿರುವುದೇ ಎರಡು ಕಣ್ಣು, ಒಂದು ಕಡೆಯ ಬೆಳಕು ಸಾಲದೇ ಎಂದು ಕೇಳಿದರು.

ಈಗ ಆ ಕಿಟಕಿಗಳ ಕಥೆ.

ಚಂದಾಪುರ ದಾಟಿ ಗುಡ್ಡದ ಕಡೆ ಹೋಗುವ ದಾರಿಯಲ್ಲಿ ಒಂದು ಊರು. ಹೆಸರು ಬರೆಯುವುದಿಲ್ಲ, ಅಲ್ಲಿನವರು ಇನ್ನೂ ಬಾಳಬೇಕು. ಅಲ್ಲಿ ಶಾಲೆ ಕಟ್ಟುವ ಹೊತ್ತಿಗೆ ಮೇಲಿನವರ ಲಕ್ಷ್ಯ ಬೇರೆಲ್ಲೋ ಇತ್ತು, ನನ್ನ ನಕಾಶೆ ಯಾರೂ ಓದದೆ ಮಂಜೂರಾಯಿತು. ಇಡೀ ನೌಕರಿಯಲ್ಲಿ ನಾನು ಬರೆದಂತೆ ಕಟ್ಟಿದ ಶಾಲೆ ಅದೊಂದೇ. ಉತ್ತರಕ್ಕೂ ದಕ್ಷಿಣಕ್ಕೂ ಸಾಲು ಕಿಟಕಿ, ಕೂತ ಮಗುವಿನ ಎದೆಮಟ್ಟಕ್ಕೆ ಕಟ್ಟೆ, ಪ್ರತಿ ಕೋಣೆಗೂ ಅಂಗಳಕ್ಕೆ ಬಾಗಿಲು. ದಕ್ಷಿಣದ ಕಿಟಕಿಗಳ ಆಚೆ ತೊಗರಿ ಹೊಲ.

ಉದ್ಘಾಟನೆಗೆ ಖಾದರ್ ಸಾಹೇಬರನ್ನು ಕರೆಸಿದೆ. ಕೋಲು ಊರಿಕೊಂಡು ಬಂದರು. ವೇದಿಕೆಯ ಮೇಲೆ ಭಾಷಣ ನಡೆದಿರುವಾಗ ಅವರು ಕಾಣಲಿಲ್ಲ. ಹುಡುಕುತ್ತ ಹೋದರೆ ಒಂದು ಕೋಣೆಯಲ್ಲಿ ಬೂಟು ಬಿಚ್ಚಿಟ್ಟು ನೆಲದ ಮೇಲೆ ಕೂತಿದ್ದರು. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು.

“ಬೇಟಿ, ಹೊಲ ಕಾಣ್ತದ,” ಎಂದರು. “ಇನ್ನ ನಂಗ ಚಿಂತಿ ಇಲ್ಲ.”

ಅವರನ್ನು ಎಬ್ಬಿಸಿ ನಿಲ್ಲಿಸುವಾಗ ನನಗೆ ಅಳು ಬಂದಿತ್ತು. ಬಹಳ ದಿನ ಉಳಿಯಲಿಲ್ಲ ಅವರು. ಮುಂದಿನದನ್ನು ನೋಡಲಿಲ್ಲ, ಪುಣ್ಯವಂತರು.

ಆ ಊರಿನಲ್ಲಿ ನಾಗಮ್ಮ ಎನ್ನುವ ಹೆಣ್ಣುಮಗಳಿದ್ದಳು. ಗಂಡ ಬಸಣ್ಣ ಬೇರೆಯವರ ಹೊಲ ಮಾಡುತ್ತಿದ್ದ. ಒಬ್ಬಳೇ ಮಗಳು ಮಹಾದೇವಿ, ಆಗ ಒಂದನೇ ತರಗತಿ. ನಾಗಮ್ಮ ಶಾಲೆಯ ಹಿಂದಿನ ತೊಗರಿ ಹೊಲದಲ್ಲಿ ಕಳೆ ತೆಗೆಯುತ್ತ ನಡುನಡುವೆ ಎದ್ದು ನಿಂತು ಕಿಟಕಿಯ ಕಡೆ ನೋಡುವುದನ್ನು ನಾನೇ ಕಂಡಿದ್ದೇನೆ. ಒಮ್ಮೆ ಮಾತಾಡಿಸಿದೆ. ಊರಿನ ಹಳೆಯ ಶಾಲೆಗೆ ಮಗಳನ್ನು ಕಳಿಸಲು ಜೀವ ಹೆದರುತ್ತಿತ್ತಂತೆ, ಒಳಗೆ ಏನು ನಡೆಯುತ್ತದೋ ಯಾರಿಗೆ ಗೊತ್ತು.

“ಈಗ ನನ್ ಮಗಳು ಎಲ್ಲಿ ಕುಂತಾಳ ಅಂತ ಹೊಲದಾಗಿಂದ ಕಾಣ್ತದ್ರಿ. ಕಾಣೂತನ ಸಾಲಿ ಬಿಡ್ಸಂಗಿಲ್ಲ ನಾ,” ಎಂದಳು.

ಇದಕ್ಕಿಂತ ದೊಡ್ಡ ಪ್ರಶಸ್ತಿ ನನಗೆ ಬೇಕಾಗಿರಲಿಲ್ಲ, ಬರಲೂ ಇಲ್ಲ.

ಮುಂದೆ ಅದೇ ಕಟ್ಟಡಕ್ಕೆ ಹೈಸ್ಕೂಲು ಬಂತು. ಹೈಸ್ಕೂಲಿನ ಹಿಂದೆಯೇ ಹತ್ತನೇ ತರಗತಿಯ ಪರೀಕ್ಷಾ ಕೇಂದ್ರವೂ ಬಂತು. ನಮ್ಮ ಕಡೆಯ ಪರೀಕ್ಷೆಯ ಬಗ್ಗೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಆಗಿನ ದಿನಗಳಲ್ಲಿ ಒಬ್ಬ ಪರೀಕ್ಷೆ ಬರೆಯಲು ಕೂತರೆ ಅವನ ಹಿಂದೆ ಅಣ್ಣ, ಮಾವ, ಭಾವ, ಓಣಿಯ ನಾಲ್ಕು ಜನ ಚೀಟಿ ಹಿಡಿದು ಬರುವುದು ಮದುವೆಗೆ ದಿಬ್ಬಣ ಬಂದಷ್ಟೇ ಸಹಜವಾಗಿತ್ತು. ಬೇರೆ ಕಡೆ ಅವರು ಪೈಪು ಹತ್ತಬೇಕು, ಗೋಡೆ ಏರಬೇಕು. ನನ್ನ ಶಾಲೆಯಲ್ಲಿ ಏನೂ ಕಷ್ಟವಿಲ್ಲ. ಕಿಟಕಿ ಎದೆಮಟ್ಟಕ್ಕೆ, ಅದೂ ಎರಡೂ ಕಡೆ. ಮೇಲೆ ನೆರಳು ಬೇರೆ. ಚೀಟಿ ಕೊಡುವವರಿಗೆ ಬಿಸಿಲು ಸಹ ತಾಗುವುದಿಲ್ಲ. ಎರಡು ವರ್ಷದಲ್ಲಿ ಆ ಕೇಂದ್ರದ ಹೆಸರು ಸೇಡಂತನಕ ಹಬ್ಬಿತು. ದೂರದೂರದವರು ಮಕ್ಕಳನ್ನು ತಂದು ಅಲ್ಲಿಯೇ ಸೇರಿಸತೊಡಗಿದರು.

ಶಹಾಬಾದಿನ ಒಂದು ಮದುವೆಯಲ್ಲಿ ಗುರುತಿಲ್ಲದ ಒಬ್ಬ ಹಿರಿಯರು ಬಂದು ನನಗೆ ಕೈ ಮುಗಿದರು. ಆ ಶಾಲೆ ಕಟ್ಟಿದವರು ನೀವೇ ಅಲ್ಲವೇ ಎಂದು ಕೇಳಿ ಖಾತ್ರಿ ಮಾಡಿಕೊಂಡರು.

“ಭಾಳ ಛಲೋ ಖಿಡಕಿ ಮಾಡೀರಿ ಮೇಡಂ. ನಮ್ಮ ಅಳಿಯ ಆರಾಮ ನಿಂತ್ಕೊಂಡೇ ಎಲ್ಲಾ ಪೇಪರ್ ಬರೆಸ್ಯಾನ.”

ಅವರ ಮುಖದಲ್ಲಿ ಕುಹಕ ಇರಲಿಲ್ಲ. ನಿಜವಾಗಿಯೂ ಉಪಕಾರ ನೆನೆದಿದ್ದರು. ನಾನು ಊಟಕ್ಕೆ ಕೂಡದೆ ಎದ್ದು ಬಂದೆ.

ಮರುವರ್ಷ ಮೇಲಿನಿಂದ ತಂಡ ಬಂದು ನೋಡಿತು, ಕೇಂದ್ರ ರದ್ದಾಯಿತು. ಇನ್ನು ಮೇಲೆ ಆ ಊರಿನ ಮಕ್ಕಳು ಪರೀಕ್ಷೆಗೆ ಚಿಂಚೋಳಿಗೆ ಹೋಗಬೇಕು. ಗಂಡು ಹುಡುಗರು ಹೋದರು. ಹೆಣ್ಣುಮಕ್ಕಳನ್ನು ಹಲವರು ಕಳಿಸಲಿಲ್ಲ. ದಿನಾ ಅಷ್ಟು ದೂರ ಯಾರು ಕರೆದುಕೊಂಡು ಹೋಗಬೇಕು, ಸಾಕು ಕಲಿತದ್ದು ಎಂದರು. ಆ ವರ್ಷ ಮಹಾದೇವಿಯದು ಹತ್ತನೇ ತರಗತಿ. ಚೀಟಿ ಬೇಕಾದ ಹುಡುಗಿಯಲ್ಲ ಅವಳು, ಶಾಲೆಗೇ ಮೊದಲಿಗಳು. ಪರೀಕ್ಷೆ ನಡೆದಿರುವಾಗ ಅವಳು ಹೊಲದಲ್ಲಿ ತಾಯಿಯ ಜೊತೆ ತೊಗರಿ ಕಟ್ಟಿಗೆ ಹೊರುತ್ತಿದ್ದಳು.

ಊರು ಕೂಡಿ ವಿಚಾರ ಮಾಡಿತು. ಎಲ್ಲ ಹಾಳಾದದ್ದು ಕಿಟಕಿಗಳಿಂದ ಎಂದು ಅವರಿಗೆ ಕಂಡಿತು. ಕಿಟಕಿ ಇಲ್ಲದಿದ್ದರೆ ಕಾಪಿ ಇಲ್ಲ, ಕಾಪಿ ಇಲ್ಲದಿದ್ದರೆ ಕೇಂದ್ರ ತಿರುಗಿ ಬರುತ್ತದೆ, ಕೇಂದ್ರ ಬಂದರೆ ಹೆಣ್ಣುಮಕ್ಕಳು ಪರೀಕ್ಷೆ ಬರೆಯುತ್ತಾರೆ. ಇಟ್ಟಿಗೆಗೆ ಸರ್ಕಾರದ ದಾರಿ ಕಾಯುವುದು ಯಾಕೆ? ಮನೆಗೊಂದು ಫರಸಿ ತರಬೇಕು ಎಂದು ಮಹಬೂಬ್ ಸಾಬ್ ಎನ್ನುವ ಹಿರಿಯರು ಹೇಳಿದರು. ಮೊದಲನೇ ಫರಸಿ ತಂದವನು ಮಹಾದೇವಿಯ ಅಪ್ಪ ಬಸಣ್ಣ. ಮನೆಯಲ್ಲಿ ಬೇರೆ ಕಲ್ಲು ಇರಲಿಲ್ಲವಾಗಿ ಬಚ್ಚಲ ಕಲ್ಲನ್ನೇ ಕಿತ್ತು ಹೆಗಲ ಮೇಲೆ ಹೊತ್ತು ತಂದನಂತೆ. ಉಳಿದವರು ಅಂಗಳದ್ದು, ದನದ ಕೊಟ್ಟಿಗೆಯದು ತಂದರು. ಒಂದು ವಾರದಲ್ಲಿ ಎರಡೂ ಕಡೆಯ ಕಿಟಕಿಗಳಿಗೆ ಫರಸಿ ನಿಲ್ಲಿಸಿ, ಸುತ್ತ ಸಿಮೆಂಟು ಮೆತ್ತಿದರು. ಸಂದಿಯಲ್ಲಿ ಬೆರಳು ಸಹ ಹೋಗದ ಹಾಗೆ ನೀಟಾಗಿ ಮಾಡಿದರು.

ನನಗೆ ಗೊತ್ತಾದದ್ದು ಮುಂದಿನ ಸಲ ತಪಾಸಣೆಗೆ ಹೋದಾಗ. ಆಗಿನ ಹೆಡ್ ಮಾಸ್ತರರು ಕೈ ಹಿಡಿದು ಎಳೆಯುವಷ್ಟು ಉಮೇದಿನಲ್ಲಿ ನನ್ನನ್ನು ಸುತ್ತ ಕರೆದೊಯ್ದು ತೋರಿಸಿದರು. ಸರ್ಕಾರದ ಒಂದು ಪೈಸೆ ಹಚ್ಚಿಲ್ಲ, ಊರೇ ಮಾಡಿದ್ದು ಎಂದರು. ಒಳಗೆ ಹೋದೆ. ಮಧ್ಯಾಹ್ನದ ಹೊತ್ತಿನಲ್ಲಿ ಮಕ್ಕಳ ಹಲ್ಲು ಮಾತ್ರ ಕಾಣುತ್ತಿತ್ತು. ಜೀಪಿಗೆ ಬಂದು ಕೂತು ಅತ್ತೆ. ಹೊಟ್ಟೆನೋವು ಎಂದುಕೊಂಡು ಡ್ರೈವರ್ ಚಂದಾಪುರದಲ್ಲಿ ಸೋಡಾ ತಂದುಕೊಟ್ಟ. ಕುಡಿದೆ.

ಯಾರ ಮೇಲೆ ಸಿಟ್ಟಾಗಬೇಕು? ಮರುವರ್ಷ ಕೇಂದ್ರ ತಿರುಗಿ ಬಂತು. ಮಹಾದೇವಿ ಅದೇ ಕತ್ತಲ ಕೋಣೆಯಲ್ಲಿ ಕೂತು ಪರೀಕ್ಷೆ ಬರೆದು ಮೊದಲ ದರ್ಜೆಯಲ್ಲಿ ಪಾಸಾದಳು. ಮಗಳ ಸಲುವಾಗಿ ಬಚ್ಚಲ ಕಲ್ಲು ಕಿತ್ತು ತಂದ ಅಪ್ಪನಿಗೆ ತಪ್ಪು ಮಾಡಿದೆ ಎಂದು ಹೇಳುವ ಬಾಯಿ ನನಗಿರಲಿಲ್ಲ.

ಚೀಟಿ ತೂರದಂಥ ಸಣ್ಣ ಕಣ್ಣಿನ ಕಬ್ಬಿಣದ ಜಾಳಿಗೆ ಹಾಕಿಸಿ ಫರಸಿ ತೆಗೆಸೋಣ ಎಂದು ಕಚೇರಿಯಲ್ಲಿ ಮತ್ತೆ ಮತ್ತೆ ಕೇಳಿದೆ. ಜನರೇ ಮುಚ್ಚಿದ್ದನ್ನು ನಾವು ಯಾಕೆ ತೆರೆಯಬೇಕು ಎಂದರು. ಇದಾದ ಸ್ವಲ್ಪ ಕಾಲಕ್ಕೆ ಒಂದು ಸಭೆ ಆಯಿತು. ಆಗ ಕಂಪ್ಯೂಟರು ಬಂದಿತ್ತು, ಗೋಡೆಯ ಮೇಲೆ ದೊಡ್ಡದಾಗಿ ಚಿತ್ರ ಬಿಡುತ್ತಿದ್ದರು. ಬೆಂಗಳೂರಿನಿಂದ ಬಂದ ಹುಡುಗನೊಬ್ಬ ನನ್ನ ಶಾಲೆಯ ಫೋಟೋ ತೋರಿಸಿದ. ಕಿಟಕಿ ತಗ್ಗಿಗಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ಉದಾಹರಣೆ ಎಂದ. ಅದರ ಹಿಂದೆಯೇ ಹೊಸ ಮಾದರಿ ನಕಾಶೆ ಬಂತು: ಕಿಟಕಿ ದೊಡ್ಡವರ ತಲೆಗಿಂತ ಮೇಲೆ, ಸಣ್ಣದು, ಒಂದೇ ಕಡೆ. ಆ ಶಾಲೆ ಕಟ್ಟಿದವಳು ಅಲ್ಲಿಯೇ ಕೂತಿದ್ದಾಳೆ ಎಂದು ಅವನಿಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಚಹಾದ ಕಪ್ಪಿನೊಳಗೆ ಇಣುಕುತ್ತಿದ್ದರು. ನಾನು ಆಮೇಲೆ ಕಟ್ಟಿಸಿದ ಶಾಲೆಗಳೆಲ್ಲ ಆ ಮಾದರಿಯವೇ. ಈಗ ಸೇಡಂನಿಂದ ಚಿಂಚೋಳಿಗೆ ಬಸ್ಸಿನಲ್ಲಿ ಹೋಗುವಾಗ ದಾರಿಯಲ್ಲಿ ಶಾಲೆ ಕಂಡರೆ ನಾನು ಇನ್ನೊಂದು ಕಡೆ ಮುಖ ತಿರುಗಿಸುತ್ತೇನೆ.

ನಿವೃತ್ತಿಯ ಮೇಲೆ ಒಂದು ಆಸೆ ಹುಟ್ಟಿತು. ಈಗ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂದಿದೆ. ಕಲಬುರಗಿಯಲ್ಲಿ ಕೂತವರಿಗೆ ಚಿಂಚೋಳಿಯ ಕಡೆಯ ಕೋಣೆ ಕಾಣುತ್ತದೆ. ಹಾಗಿದ್ದಮೇಲೆ ಕಿಟಕಿ ಮುಚ್ಚಿಡುವ ಕಾರಣ ಏನು ಉಳಿಯಿತು? ಅದೇ ಶಾಲೆಗೆ ಮಹಾದೇವಿ ಈಗ ಹೆಡ್ ಮೇಡಂ. ಸಾಯುವುದರೊಳಗೆ ಅಲ್ಲಿ ಮಗುವಿಗೆ ಕೂತಲ್ಲಿಂದ ಹೊಲ ಕಾಣುವುದನ್ನು ಇನ್ನೊಮ್ಮೆ ನೋಡಬೇಕು ಎನ್ನಿಸಿತು. ಬೇರೆ ಯಾವ ಆಸೆಯೂ ನನಗೆ ಉಳಿದಿರಲಿಲ್ಲ.

ಹೋದ ಚಳಿಗಾಲದಲ್ಲಿ ಹೋದೆ. ಮಹಾದೇವಿ ಕಾಲು ಮುಟ್ಟಿ ನಮಸ್ಕಾರ ಮಾಡಿದಳು. ಬಸಣ್ಣ, ನಾಗಮ್ಮ ಇಬ್ಬರೂ ತೀರಿಕೊಂಡಿದ್ದರು. ಮಹಬೂಬ್ ಸಾಬ್ ಈಗ ಶಾಲಾ ಸಮಿತಿಯ ಅಧ್ಯಕ್ಷರು, ಗಡ್ಡ ಪೂರಾ ಬೆಳ್ಳಗಾಗಿದೆ. ಕಿಟಕಿಗಳನ್ನು ತೆರೆಸೋಣ ಎಂದು ಮಹಾದೇವಿಗೆ ಹೇಳಿದೆ.

“ಬೆಳಕು ಬ್ಯಾಡ ಅಂತ ಅಲ್ರಿ ಮೇಡಂ,” ಎಂದಳು. “ನಂದು ಒಂದು ವರ್ಷ ಹೋಗ್ಯಾದ. ಈ ಹುಡುಗೇರದು ಹೋಗಬಾರದು. ಅಷ್ಟೇ.”

ಮಹಬೂಬ್ ಸಾಬ್ ಇಬ್ಬರಿಗೂ ಒಪ್ಪುವಂಥ ಒಂದು ತೋಡು, ರಾಜಿಯ ಮಾತು, ಹೇಳಿದರು. ಏಳನೇ ತರಗತಿಯ ಕೋಣೆಯಲ್ಲಿ ಒಂದೇ ಒಂದು ಫರಸಿ ತೆಗೆಯೋಣ. ಪಾಠ ನಡೆಯಲಿ. ಮಕ್ಕಳು ಚೆನ್ನಾಗಿದೆ ಎಂದರೆ ಎಲ್ಲ ಕಿಟಕಿ ತೆಗೆಸುವ ಹೊಣೆ ತಮ್ಮದು, ಬೇಡ ಎಂದರೆ ಇದ್ದ ಹಾಗೆ ಇರಲಿ. ನಾನು ಒಳಗೊಳಗೇ ನಕ್ಕೆ. ಬೆಳಕು ಬೇಡ ಎನ್ನುವ ಮಗು ಎಲ್ಲಾದರೂ ಇದೆಯೇ?

ಇಬ್ಬರು ಬಂದು ಉಳಿಯಿಂದ ಸಿಮೆಂಟು ಬಿಡಿಸಿದರು. ಕೋಣೆಗೊಂದೇ ಟ್ಯೂಬ್ ಲೈಟು, ಗೋಡೆಯ ಮೇಲೆ ಪಾಠ ತೋರಿಸುವ ದೊಡ್ಡ ಟೀವಿ. ಮಕ್ಕಳು ಹಿಂದಕ್ಕೆ ಸರಿದು ನೋಡುತ್ತಿದ್ದರು. ದಕ್ಷಿಣದ ಒಂದು ಫರಸಿ ಸಡಿಲವಾಯಿತು, ಅದನ್ನು ಇಳಿಸಿ ಗೋಡೆಗೆ ಆನಿಸಿದರು. ಬೆಳಕು ಬಂತು. ನೆಲದ ಫರಸಿಯ ಬಣ್ಣ ಕಂಡಿತು, ಮಕ್ಕಳ ಅಂಗಿಯ ಬಣ್ಣ ಕಂಡಿತು. ಆಚೆ ತೊಗರಿ ಹಳದಿ ಹೂವಿನಲ್ಲಿತ್ತು. ಒಂದೆರಡು ಮಕ್ಕಳು ಓ ಎಂದರು. ಗೋಡೆಗೆ ಆನಿಸಿದ ಕಲ್ಲನ್ನು ಮಹಾದೇವಿ ಬಗ್ಗಿ ಮುಟ್ಟಿದಳು. ಮಧ್ಯದಲ್ಲಿ ನೀರು ಬಿದ್ದು ಬಿದ್ದು ಸವೆದಿತ್ತು. ಅದು ಅವಳ ಮನೆಯ ಬಚ್ಚಲ ಕಲ್ಲು.

ಪಾಠ ಶುರುವಾಯಿತು. ಟೀವಿ ಹಚ್ಚಿದರು. ಮಕ್ಕಳು ಕಣ್ಣು ಕಿರಿದು ಮಾಡಿ, ತಲೆ ಆ ಕಡೆ ಈ ಕಡೆ ವಾಲಿಸಿ ನೋಡತೊಡಗಿದರು. ಬೆಳಕು ನೇರ ಟೀವಿಯ ಗಾಜಿಗೆ ಬಿದ್ದು ಅದರಲ್ಲಿ ಹೊಲ ಕಾಣುತ್ತಿತ್ತು, ಪಾಠ ಕಾಣುತ್ತಿರಲಿಲ್ಲ. ಅದೇನು ದೊಡ್ಡ ಮಾತು, ಟೀವಿಯನ್ನು ಇನ್ನೊಂದು ಗೋಡೆಗೆ ಹಾಕಿಸಿದರೆ ಆಯಿತು ಎಂದೆ. ವೈರು ಎಳೆಯುವುದನ್ನು ಸಹ ತೋರಿಸಿಕೊಟ್ಟೆ. ಮಹಬೂಬ್ ಸಾಬ್ ತಲೆಯಾಡಿಸಿ ಮಕ್ಕಳ ಕಡೆ ತಿರುಗಿದರು. ಹಂಗ ಮಾಡಿದರೆ ನಡೆಯುತ್ತದೆಯೇ, ಕಿಟಕಿ ಇರಲೇ ಎಂದು ಕೇಳಿದರು.

ಕಿಟಕಿಯ ಪಕ್ಕದಲ್ಲೇ ಕೂತಿದ್ದ ಒಬ್ಬ ಹುಡುಗಿ, ಭಾಗ್ಯಶ್ರೀ ಎಂದು ಹೆಸರು, ದುಪಟ್ಟಾ ಎಳೆದುಕೊಂಡು ಬೆನ್ನು ಗೋಡೆಗೆ ಹಚ್ಚಿ ಕೂತಿದ್ದಳು. ಬಲಕ್ಕೆ ತಿರುಗಿದರೆ ಹೊಲ. ಅವಳು ತಿರುಗಿರಲಿಲ್ಲ. ನಾನೇ ಅವಳ ಹತ್ತಿರ ನೆಲದ ಮೇಲೆ ಕೂತು, ನೋಡವ್ವ, ಇಲ್ಲಿಂದ ಎಷ್ಟೆಲ್ಲ ಕಾಣುತ್ತದೆ ಎಂದೆ.

“ನಮಗ ಹೊರಗ ಕಾಣ್ತದ, ಖರೆ ಅದರಿ,” ಎಂದಳು. ದನಿ ಬಹಳ ಸಣ್ಣದು. “ಹೊರಗಿನವರಿಗೆ ನಾವೂ ಕಾಣ್ತೀವಲ್ರಿ ಮೇಡಂ. ಮುಚ್ಚಿಸ್ರಿ.”

ಅವಳ ಹಿಂದಿನ ಹುಡುಗಿಯರೆಲ್ಲ ತಲೆಯಾಡಿಸಿದರು. ನಾನು ಮಹಾದೇವಿಯ ಮುಖ ನೋಡಿದೆ. ಇದೇ ಕಿಟಕಿಯಿಂದ ತಾಯಿಗೆ ಕಾಣುತ್ತಿದ್ದ ಹುಡುಗಿ ಅವಳು, ಕಾಣುತ್ತಿದ್ದಳು ಎಂದೇ ಶಾಲೆಯಲ್ಲಿ ಉಳಿದವಳು. ಒಂದು ಮಾತು ಹೇಳಿಯಾಳು ಎಂದು ಕಾದೆ. ಅವಳು ನೆಲ ನೋಡುತ್ತ ನಿಂತಳು. ಈಗ ಹೊಲದಲ್ಲಿ ನಿಂತು ನೋಡುವವರು ಯಾರೋ, ಯಾಕೆ ನೋಡುತ್ತಾರೋ, ಅದು ಅವಳಿಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. ಟೀವಿಯಾಗಿದ್ದರೆ ಜಾಗ ಬದಲಿಸುತ್ತಿದ್ದೆ. ಇದಕ್ಕೆ ನನ್ನ ಹತ್ತಿರ ನಕಾಶೆ ಇರಲಿಲ್ಲ.

“ಏನ್ ಮಾಡೋಣ್ರಿ ಮೇಡಂ?” ಎಂದರು ಮಹಬೂಬ್ ಸಾಬ್.

ತೋಡು ತೋಡೇ. ಮುಚ್ಚಿಸಿರಿ ಎಂದೆ.

ಆಳುಗಳು ಕಲ್ಲು ಎತ್ತಿದರು. ಎತ್ತುವಾಗ ಒಂದು ತುದಿ ಜಾರಿತು, ಹತ್ತಿರ ನಿಂತಿದ್ದ ನಾನೇ ಕೈಕೊಟ್ಟೆ. ನೌಕರಿಯುದ್ದಕ್ಕೂ ಕಲ್ಲು ಎತ್ತಿಸಿದವಳು, ಸ್ವತಃ ಎತ್ತಿದ್ದು ಅದೇ ಮೊದಲು. ಬಸಣ್ಣ ಇಷ್ಟು ಭಾರವನ್ನು ಒಬ್ಬನೇ ಹೇಗೆ ಹೊತ್ತನೋ. ಕಲ್ಲು ತನ್ನ ಜಾಗದಲ್ಲಿ ಕೂತಿತು. ಸಿಮೆಂಟು ಕಲಸಲು ಒಬ್ಬ ಹೊರಗೆ ಹೋದ. ಟೀವಿಯಲ್ಲಿ ಪಾಠ ಸ್ಪಷ್ಟವಾಗಿ ಕಾಣತೊಡಗಿತು, ಮಕ್ಕಳೆಲ್ಲ ಅದರ ಕಡೆ ತಿರುಗಿದರು.

ಹೋಗುವ ಮುಂಚೆ ಸಾಹೇಬರ ಪದ್ಧತಿ ಇನ್ನೊಮ್ಮೆ ಮಾಡೋಣ ಎಂದು ಚಪ್ಪಲಿ ಬಿಟ್ಟು ನಡುವೆ ಕೂತೆ. ಎಡಕ್ಕೆ ನೋಡಿದೆ, ಬಲಕ್ಕೆ ನೋಡಿದೆ. ಎರಡೂ ಕಡೆ ನಮ್ಮೂರಿನ ಕಲ್ಲು. ನನ್ನ ಮುಖದಲ್ಲಿ ಏನು ಕಂಡಿತೋ, ಭಾಗ್ಯಶ್ರೀ ಗೆಳತಿಯನ್ನು ಆಚೆ ಸರಿಸಿ ದಾರಿ ಮಾಡಿದಳು.

“ಕತ್ತಲಿ ಆಗ್ಲಿಕತ್ತದೇನ್ರಿ ಮೇಡಂ? ಬಾಗಲ ಹತ್ರ ಕುಂದ್ರಿ. ಅಲ್ಲಿ ಜರಾ ಬೆಳಕ ಅದ.”

ನಾನು ಎದ್ದು ಬಾಗಿಲ ಹತ್ತಿರ ಹೋಗಿ ಕೂತೆ.